ಕಾಕನೂ ರೆಕ್ಕೆಯ ಹಲಗೆಯೂ

ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿಮಾನಶಾಸ್ತ್ರ ಕಲಿಸುವವನೆಂದು ಗೊತ್ತಾದರೆ ಮಂಗಳೂರಿನಲ್ಲಿ ನೆಮ್ಮದಿಯಾಗಿ ಬಂಗುಡೆ ಮೀನು ಕೊಳ್ಳಲೂ ಆಗುವುದಿಲ್ಲ. ಮನೆಗೊಬ್ಬರು ಗಲ್ಫಿನಲ್ಲಿರುವ ಊರು. ವಿಮಾನದ ಬಗ್ಗೆ ಎಲ್ಲರಿಗೂ ಒಂದು ಸಂಶಯ ಉಂಟು. ಈಚೆಗೆ ನಾನು ಸಿಕ್ಕಿಬಿದ್ದದ್ದು ಫಳ್ನೀರಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಹಿರಿಯರೊಬ್ಬರ ಕೈಗೆ. ಎಲ್ಲರ ಬಾಯಲ್ಲೂ ಅವರು ಕಾಕ, ಅಂದರೆ ಚಿಕ್ಕಪ್ಪ. ಬಟ್ಟೆ ವ್ಯಾಪಾರಿ. ದುಬೈಯಲ್ಲಿ ಮಗಳು ಹೆತ್ತಿದ್ದಳು. ಮೊಮ್ಮಗಳನ್ನು ನೋಡುವ ಆಸೆ, ವಿಮಾನ ಹತ್ತುವ ಹೆದರಿಕೆ.

೧. ಬಿಜಾಗರಿ

"ಮಾಷ್ಟ್ರೇ, ಆಕಾಶದಲ್ಲಿ ರಸ್ತೆ ಇಲ್ಲ, ಚಕ್ರ ಹೊಟ್ಟೆಯ ಒಳಗೆ. ಮತ್ತೆ ತಿರುಗಿಸುವುದು ಎಂತದರಲ್ಲಿ?"

ವಿವರಿಸಿದೆ. ರೆಕ್ಕೆಗಳ ಹಿಂಬದಿಯಲ್ಲಿ ಸಣ್ಣ ಹಲಗೆಗಳಿವೆ. ಬಲದ್ದು ಎದ್ದರೆ ಎಡದ್ದು ಬಗ್ಗುತ್ತದೆ. ಎದ್ದ ಬದಿಯ ರೆಕ್ಕೆ ತಗ್ಗುತ್ತದೆ, ವಿಮಾನ ವಾಲಿ ಆ ಕಡೆಗೆ ತಿರುಗುತ್ತದೆ. ಬಾಲದಲ್ಲಿ ಮಲಗಿದ ಹಲಗೆ ಮೂತಿಯನ್ನು ಮೇಲೆ ಕೆಳಗೆ ಮಾಡುತ್ತದೆ, ನಿಂತ ಹಲಗೆ ಅತ್ತಿತ್ತ ಮಾಡುತ್ತದೆ.

"ಹಲಗೆ ನಿಲ್ಲುವುದು ಯಾವುದರಲ್ಲಿ? ಬಿಜಾಗರಿಯಲ್ಲಾ?"

"ಹೆಚ್ಚುಕಡಿಮೆ ಹೌದು."

ಕಾಕನ ಮುಖ ಇಳಿಯಿತು. "ನನ್ನ ಅಂಗಡಿ ಬಾಗಿಲಿನ ಬಿಜಾಗರಿ ಈ ಉಪ್ಪುಗಾಳಿಗೆ ಒಂದು ಮಳೆಗಾಲ ಬಾಳುವುದಿಲ್ಲ. ನೀವು ಧೈರ್ಯ ಹೇಳ್ಲಿಕ್ಕೆ ಬಂದದ್ದಾ, ಹೆದರಿಸ್ಲಿಕ್ಕಾ?"

೨. ಪ್ರಯೋಗ

ಬಾಯಿಮಾತು ಸಾಲದೆಂದು ಬಿಜೈಗೆ ಹೋಗುವಾಗ ಅವರ ಕಾರಿನಲ್ಲೇ ಪ್ರಯೋಗ ಮಾಡಿಸಿದೆ. ಕಾಕ ಓಡಿಸುತ್ತಲೇ ಬಲಗೈ ಹೊರಗೆ ಚಾಚಿದರು. ಅಂಗೈಯ ಮುಂಬದಿ ಎತ್ತಿದರು, ಗಾಳಿಗೆ ಕೈ ಏರಿತು. ತಗ್ಗಿಸಿದರು, ಇಳಿಯಿತು.

"ಯಾ ಅಲ್ಲಾ, ಹೌದು ಮಾರಾಯ್ರೆ!"

ಮತ್ತೆ ಕೈ ಒಳಗೆ ಬರಲೇ ಇಲ್ಲ. ಹಿಂದಿದ್ದ ಸಿಟಿ ಬಸ್ಸು ಇವರು ಬಲಕ್ಕೆ ತಿರುಗುತ್ತಾರೆಂದು ನಿಧಾನಿಸಿತು. ನಮ್ಮ ಸಿಟಿ ಬಸ್ಸು ಯಾರಿಗಾದರೂ ಬ್ರೇಕು ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊನೆಗೆ ತಾಳ್ಮೆಗೆಟ್ಟು ಎಡದಿಂದ ದಾಟುವಾಗ ಬಲಬದಿಯ ಕಿಟಕಿಯಿಂದ ತಲೆ ಹೊರಹಾಕಿ ಕಂಡಕ್ಟರ್ ಕೂಗಿದ:

"ಎಂತ ಕಾಕ, ತಿರುಗುದಾ, ಹಾರುದಾ?"

೩. ಸಹಕಾರ

ಇಷ್ಟಾದರೂ ಕಾಕ ಟಿಕೆಟ್ ಮಾಡಲಿಲ್ಲ. ಅವರ ಹೆಂಡತಿ ಹೇಳಿದರು: "ನೀವು ಬಿಜಾಗರಿ ನೋಡ್ತಾ ಕೂತ್ಕೊಳ್ಳಿ. ನಾನು ಒಬ್ಬಳೇ ಹೋಗ್ತೇನೆ. ಮಗುವಿನ ಫೋಟೋ ಕಳಿಸ್ತೇನೆ." ಮರುದಿನವೇ ಎರಡು ಟಿಕೆಟ್ ಆಯಿತು. ದುಬೈಯಲ್ಲಿರುವ ತಂಗಿಯ ಮನೆಗೆಂದು ನಾನೂ ಅದೇ ವಿಮಾನದಲ್ಲಿ, ಅವರ ಹಿಂದಿನ ಸೀಟಿನಲ್ಲಿ.

ಕಾಕನಿಗೆ ಬಲಬದಿಯ ಕಿಟಕಿ, ರೆಕ್ಕೆಯ ಪಕ್ಕವೇ. ಏರಿದ ಸ್ವಲ್ಪ ಹೊತ್ತಿಗೆ ಕೂಗಿದರು: "ಮಾಷ್ಟ್ರೇ, ಎದ್ದಿತು! ನೀವು ಹೇಳಿದ ಹಲಗೆ!"

ಹಲಗೆ ಎದ್ದಿತು, ರೆಕ್ಕೆ ತಗ್ಗಿತು, ಕಿಟಕಿಯ ತುಂಬ ಸಮುದ್ರ ಬಂತು. ನನ್ನ ಪಾಠ ಅಲ್ಲಿಗೆ ಮುಗಿಯಿತು. ಕಾಕ ಹುಟ್ಟಿದ್ದು ಹೊಳೆಯಾಚೆಯ ಬೆಂಗ್ರೆಯಲ್ಲಿ, ಬಂದರಿಗೆ ದೋಣಿಯಲ್ಲಿ ದಾಟಿಯೇ ಬೆಳೆದವರು. ದೋಣಿ ಒಂದು ಕಡೆಗೆ ವಾಲಿದರೆ ಜನ ಇನ್ನೊಂದು ಕಡೆಗೆ ಸರಿಯಬೇಕು, ಅಷ್ಟೇ ಅವರಿಗೆ ಗೊತ್ತು.

"ಎಲ್ಲರೂ ಎಡಕ್ಕೆ ವಾಲಿ! ಎಡಕ್ಕೆ!"

ವಿಮಾನದ ತುಂಬ ಕರಾವಳಿಯವರು. ಯಾಕೆಂದು ಒಬ್ಬರೂ ಕೇಳಲಿಲ್ಲ. ಬೆಲ್ಟು ಬಿಟ್ಟಷ್ಟು ದೂರ ಎಲ್ಲರೂ ವಾಲಿದರು. ನನ್ನ ಪಕ್ಕದ ಸೀಟಿನ ಲ್ಯಾಪ್‌ಟಾಪಿನವನೂ ವಾಲಿದ. ಕಾಕನ ಹೆಂಡತಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಲೇ ವಾಲಿದರು. ನೆಟ್ಟಗೆ ಉಳಿದದ್ದು ನಾನು ಮತ್ತು ಗಗನಸಖಿ.

ಅಷ್ಟರಲ್ಲಿ ತಿರುವು ಮುಗಿದು ವಿಮಾನ ಸಮವಾಯಿತು. ಕಾಕ ಬೆವರು ಒರೆಸಿಕೊಂಡು ಹಿಂದಕ್ಕೆ ತಿರುಗಿದರು.

"ನಿಮ್ಮ ಹಲಗೆ ಒಳ್ಳೆಯದೇ, ಮಾಷ್ಟ್ರೇ. ಆದರೆ ಜನ ಕೂಡ ಸ್ವಲ್ಪ ಸಹಕರಿಸಬೇಕು. ನೀವು ಎಂತಕ್ಕೆ ಸುಮ್ಮನೆ ಕೂತದ್ದು?"