ಮಂಗಳಾರತಿ ಹಾಡಿನೊಳಗಿನ ಕಳ್ಳ

ಅನನ್ಯಾ, ಸುಹಾಸಾ, ಲ್ಯಾಪ್‌ಟಾಪ್ ಕೆಡಿಸಿದ್ದು ಅಜ್ಜಿಯೇ ಎಂದು ನಿಮ್ಮಮ್ಮ ಬಸವೇಶ್ವರನಗರಕ್ಕೆಲ್ಲ ಸಾರಿದ್ದಾಳೆ. ನೀವು ಶಾಲೆಗೆ ಹೋಗಿದ್ದಿರಿ. ನನ್ನ ಮಾತನ್ನೂ ಕೇಳಿ.

ನಿಮ್ಮ ತಾತ ಹೋದ ಮೇಲೆ, ನಾನು ಮದುವೆ ಚಪ್ಪರದಲ್ಲಿ ಸೋಬಾನೆ ಹಾಡಬಾರದು ಎಂದು ನೆಂಟರೆಲ್ಲ ಹೇಳಿದರು. ಮೊದಲೇ ನಾಚಿಕೆಯವಳು, ಸುಮ್ಮನಾದೆ. ಆದರೆ ಅಡುಗೆಮನೆ ಬಾಗಿಲು ಹಾಕಿಕೊಂಡು, ನಮ್ಮೂರಿನ ಪದಗಳನ್ನೆಲ್ಲ ಹಾಡಿ ಆ ಹಳೆಯ ಲ್ಯಾಪ್‌ಟಾಪಿಗೆ ತುಂಬಿದೆ. ನಿಮ್ಮ ಮದುವೆಗಳಲ್ಲಿ ಹಾಕಲೆಂದು! ಬೇರೆಲ್ಲೂ ಪ್ರತಿ ಇರಲಿಲ್ಲ.

ಹಾಡು ಹಾಕುವ ಪ್ಲೇಯರ್ ದಿನವೂ ‘ಅಪ್‌ಡೇಟ್ ಮಾಡಲೇ?’ ಎಂದು ಕೇಳುತ್ತಿತ್ತು. ನಾನು ವಿನಯಪೂರ್ವಕವಾಗಿ ‘ಆಮೇಲೆ’ ಒತ್ತುತ್ತಿದ್ದೆ. ಚೆನ್ನಾಗಿ ಹಾಡುತ್ತಿರುವುದಕ್ಕೆ ರಿಪೇರಿ ಏಕೆ?

ಶುಕ್ರವಾರ ಭಜನಾ ಮಂಡಳಿಯ ಗ್ರೂಪಿಗೆ ಯಾರೋ ಹೊಸ ಮಂಗಳಾರತಿ ಹಾಡು ಕಳಿಸಿದರು. ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಕರ್ಪೂರ ಹಚ್ಚಿ, ಹಾಡು ಹಾಕಿದೆ. ಪರದೆ ಮಿಟುಕಿತು. ಫೈಲುಗಳ ಹೆಸರುಗಳು ಒಂದೊಂದಾಗಿ ಚಿತ್ರವಿಚಿತ್ರವಾದವು. ದೇವರ ಮಹಿಮೆ ಎಂದುಕೊಂಡೆ!

ನಿಮ್ಮಮ್ಮ ಓಡಿ ಬಂದಳು. "ಅತ್ತೆ, ಆಫ್ ಮಾಡಿ! ಆ ಹಾಡಲ್ಲಿ ವೈರಸ್ ಇದೆಯಂತೆ. ಪಕ್ಕದ್ಮನೆ ಆಂಟಿ ಫೋನ್ ಮಾಡಿದ್ರು."

"ಮಂಗಳಾರತಿ ಅರ್ಧಕ್ಕೆ ನಿಲ್ಲಿಸ್ತಾರೇನೇ? ಇನ್ನೊಂದು ಚರಣ ಇದೆ, ಇರು."

"ನಿಮ್ ಫೈಲೆಲ್ಲ ಹೋಗ್ತಾ ಇದೆ!"

"ದೇವರ ಮುಂದೆ ಕಿರುಚ್ಬೇಡ ಕಣೇ. ಆರತಿ ತಗೋ."

ಪಾಪ, ತಗೊಂಡಳು. ಅಷ್ಟರಲ್ಲಿ ಎಲ್ಲಕ್ಕೂ ಮಂಗಳ ಹಾಡಿಯಾಗಿತ್ತು.

ರಿಪೇರಿ ಅಂಗಡಿಯವನು ತಲೆ ಕೆರೆದುಕೊಂಡ. "ಹಾಡಿನ ಫೈಲೊಳಗೇ ಕಳ್ಳ ಪ್ರೋಗ್ರಾಂ ಇಟ್ಟಿದ್ರು ಆಂಟಿ. ನಿಮ್ ಹಳೇ ಪ್ಲೇಯರಲ್ಲಿ ಒಂದು ತೂತಿತ್ತು, ಅದ್ರಲ್ಲಿ ನುಗ್ಗಿದೆ. ಅಪ್‌ಡೇಟ್ ಮಾಡಿದ್ರೆ ಮುಚ್ಚೋಗ್ತಿತ್ತು. ತಕ್ಷಣ ಆಫ್ ಮಾಡಿದ್ರೂ ನಿಮ್ ಹಾಡುಗಳಲ್ಲಿ ಅರ್ಧನಾದ್ರೂ ಉಳೀತಿತ್ತು."

"ದೇವರ ಹಾಡಲ್ಲಿ ಕಳ್ಳನ್ನ ಕೂರಿಸ್ದೋರನ್ನ ಬಿಟ್ಟು, ಆರತಿ ಮಾಡ್ದೋಳ್ನ ಕೇಳ್ತೀಯೇನಪ್ಪ?" ಎಂದೆ. ಅಂಗಡಿಯವರೆಲ್ಲ ತಿರುಗಿ ನೋಡಿದರು. ಜನರೆದುರು ನನ್ನ ದನಿ ಅಷ್ಟು ಎತ್ತರಕ್ಕೆ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ!

ಅದೇ ಆವೇಶದಲ್ಲಿ ಮನೆಗೆ ಬಂದು, ಹಾಲ್‌ನಲ್ಲಿ ಬಾಗಿಲು ತೆರೆದಿಟ್ಟು, ಫೋನಿನೆದುರು ಕೂತು ಎಲ್ಲ ಪದಗಳನ್ನೂ ಮತ್ತೆ ಹಾಡಿದೆ. ಮೇಲಿನ ಬಾಡಿಗೆಯವರು ಮೆಟ್ಟಿಲಲ್ಲಿ ನಿಂತು ಕೇಳಿದರು. ನಾಚಿಕೆಯಾಯಿತು. ನಿಲ್ಲಿಸಲಿಲ್ಲ. ಕೊನೆಗೆ ನಿಮ್ಮಮ್ಮ ಫೋನ್ ನೋಡಿ ಮೆಲ್ಲಗೆ ಹೇಳಿದಳು: "ಅತ್ತೆ, ರೆಕಾರ್ಡೇ ಒತ್ತಿಲ್ಲ."

ಇರಲಿ! ಯಂತ್ರದ ಹಂಗೇ ಬೇಡ. ನಿಮ್ಮ ಚಪ್ಪರದಲ್ಲಿ ನಾನೇ ನಿಂತು ಹಾಡುತ್ತೇನೆ. ಯಾರು ಬೇಡವೆನ್ನುತ್ತಾರೋ ನೋಡೋಣ. ಪದಗಳನ್ನು ಈ ಪತ್ರದ ಹಾಳೆಗಳ ಹಿಂಬದಿಯಲ್ಲಿ ಬರೆದಿದ್ದೇನೆ, ಜೋಪಾನವಾಗಿಡಿ ಮಕ್ಕಳೇ. ಎರಡನೆಯ ಪದ ನನಗೆ ಈಗಲೇ ಮರೆತುಹೋಗಿದೆ.