ದೊಡ್ಡಪ್ಪನ ತಪ್ಪಿದ ಈಡುಗಳು

ಲೊಕ್ಕನಹಳ್ಳಿ ಸುತ್ತಮುತ್ತ ನಮ್ಮ ದೊಡ್ಡಪ್ಪನಂಥ ಕೋವಿಗಾರ ಇನ್ನೊಬ್ಬನಿಲ್ಲವೆಂದು ನಾನು ಎದೆ ತಟ್ಟಿ ಹೇಳಬಲ್ಲೆ. ಅರ್ಧ ಆಯಸ್ಸು ಕೋವಿ ಹಿಡಿದು ಕಾಡಂಚಿನ ಹೊಲ ಕಾದವರು. ಅಷ್ಟೂ ವರ್ಷಗಳಲ್ಲಿ ಅವರು ಹಾರಿಸಿದ ಈಡಿಗೆ ಒಂದು ಹಂದಿಯೂ ಬೀಳಲಿಲ್ಲ. ಗುರಿಯಿಟ್ಟು ಹೊಡೆಯುವುದು ಅಭ್ಯಾಸ ಮಾಡಿದರೆ ಯಾರಿಗಾದರೂ ಬಂದೀತು. ಇಷ್ಟು ನಿಷ್ಠೆಯಿಂದ ಗುರಿ ತಪ್ಪುವುದು ಎಷ್ಟು ಜನಕ್ಕೆ ಬರುತ್ತದೆ, ಹೇಳಿ?

ನಮ್ಮದು ವಿಭೂತಿ ಹಚ್ಚಿಕೊಂಡು ಊಟಕ್ಕೆ ಕೂರುವ ಮನೆ. ಕೋಳಿಮೊಟ್ಟೆ ಕೂಡ ಹೊಸಿಲು ದಾಟಿದ್ದಿಲ್ಲ. ಅಂಥ ಮನೆಗೆ ಕೋವಿ ಬಂದದ್ದು ಹಂದಿಗಳ ದೆಸೆಯಿಂದ. ಬೆಳೆ ಕಾಯುವುದಕ್ಕೆಂದು ಆಗ ಲೈಸೆನ್ಸು ಕೊಡುತ್ತಿದ್ದರು. ಮದ್ದು ಸುರಿದು, ತೆಂಗಿನ ನಾರು ತುರುಕಿ, ಮೇಲೆ ಚರೆಗುಂಡು ಹಾಕಿ, ಸಲಾಕೆಯಿಂದ ಗಿಡಿದು ತಯಾರು ಮಾಡಬೇಕಾದ ಕೋವಿ ಅದು. ಈ ಪೂಜೆಯೆಲ್ಲ ಮುಗಿಯುವ ಹೊತ್ತಿಗೆ ಹಂದಿಗಳು ಮುಸುಕಿನ ಜೋಳ ತಿಂದು, ಕುಟುಂಬ ಸಮೇತ ನಿಂತು, ಇನ್ನೂ ಎಷ್ಟು ಹೊತ್ತು ಎಂಬಂತೆ ನೋಡುತ್ತಿದ್ದವಂತೆ.

ಬೇರೆ ಬೇಟೆಗಾರರು ಬಿದ್ದ ಪ್ರಾಣಿಯ ಕಥೆ ಹೇಳುತ್ತಾರೆ. ಹೇಳಿದಷ್ಟು ಸಲವೂ ಹಂದಿ ದಪ್ಪವಾಗುತ್ತದೆ. ದೊಡ್ಡಪ್ಪ ಹೇಳುತ್ತಿದ್ದದ್ದು ತಪ್ಪಿದ್ದರ ಕಥೆ. ಅದೂ ಬೆಳೆಯುತ್ತಿತ್ತು. ಒಂದು ಯುಗಾದಿಗೆ ಗೇಣು ದೂರದಲ್ಲಿ ತಪ್ಪಿದ್ದ ಈಡು ಮುಂದಿನ ಯುಗಾದಿಗೆ ಒಂದು ಮಾರು ದೂರದಲ್ಲಿ ತಪ್ಪಿರುತ್ತಿತ್ತು. ಹೇಳುವಾಗ ಮಾತ್ರ ಮುಖದಲ್ಲಿ ನಿಜವಾದ ಸಂಕಟ. "ಇಲ್ಲೇ ನಿಂತಿತ್ತು ಕಣವ್ವ, ಈ ಕಂಬ ಅದೆಯಲ್ಲ, ಇಷ್ಟೇ ದೂರ. ಮೈ ಅಗಲ್ಸ್ಕಂಡು ನಿಂತಿತ್ತು" ಎಂದು ತೊಟ್ಟಿಮನೆಯ ಕಂಬ ತೋರಿಸುವರು.

ಒಂದು ಸಲ ಅವರ ಈಡು ಹಂದಿಯನ್ನು ಬಿಟ್ಟು ನಮ್ಮದೇ ಪಂಪ್‌ಸೆಟ್ಟಿನ ಪೈಪಿಗೆ ಬಿದ್ದು, ಹತ್ತಾರು ತೂತಾಗಿ, ನೀರು ಸಣ್ಣಗೆ ಚಿಮ್ಮತೊಡಗಿತು. ತುಂತುರು ನೀರಾವರಿ ನಮ್ಮ ಕಡೆಗೆ ಬಂದದ್ದು ಹೀಗೆ. ಇದನ್ನು ನಾನು ಕಣ್ಣಾರೆ ಕಂಡೆನೋ, ಕೇಳಿ ಕೇಳಿ ಕಂಡಂತಾಯಿತೋ ಖಾತ್ರಿಯಿಲ್ಲ. ಒದ್ದೆಯಾದ ನನ್ನ ಹಸಿರು ಲಂಗ ಮಾತ್ರ ಚೆನ್ನಾಗಿ ನೆನಪಿದೆ. ಆದರೆ ನನಗೆ ಹಸಿರು ಲಂಗವೇ ಇರಲಿಲ್ಲವೆಂದು ಅಮ್ಮ ಹೇಳುತ್ತಾರೆ.

ಈಡಿನ ಸದ್ದು ಕೇಳಿದರೆ ಪಕ್ಕದ ಕೇರಿಯಲ್ಲಿ ಮೊದಮೊದಲು ಖಾರ ಅರೆಯುತ್ತಿದ್ದರಂತೆ. ನಮಗೆ ಬೇಡದ ಹಂದಿ ಅವರಿಗೆ ಬೇಕಿತ್ತು. ಎರಡು ಮೂರು ಸಲ ಅರೆದ ಖಾರ ಹಾಗೇ ಉಳಿದ ಮೇಲೆ, ನಮ್ಮ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದ ದೊಡ್ಡಪ್ಪನ ಜೊತೆಗಾರನೊಬ್ಬ ಜಗಲಿ ಮುಂದೆ ನಿಂತು ಹೇಳಿದ:

"ಅಣ್ಣೋ, ನಿಮ್ ಕೋವಿಯಿಂದ ಒಂದ್ ಉಪ್ಕಾರ ಆಯ್ತು ಕಣಿ."

"ಏನ್ಲಾ ಅದು?"

"ಸದ್ದು ಕೇಳ್ತಿದ್ದಂಗೇ ನಮ್ ಎಂಗುಸ್ರು ಇವತ್ತು ಸೊಪ್ಪಿನ ಉಪ್ಸಾರೇ ಅಂತ ತೀರ್ಮಾನ ಮಾಡ್ಬುಡ್ತರ. ಯೋಚ್ನೆ ಮಾಡೋ ಅಂಗೇ ಇಲ್ಲ."

ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ದೊಡ್ಡಪ್ಪ ಕೋವಿಗೆ ಎಣ್ಣೆ ಹಚ್ಚಿ, ಬಿಳಿ ಪಂಚೆಯಲ್ಲಿ ಸುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಬಸ್ಸು ಹತ್ತುವರು. ಒಮ್ಮೆ ಅಲ್ಲಿನ ಪೇದೆ, "ಇದ್ರಿಂದ ಯಾರ್ಗೂ ತೊಂದ್ರೆ ಇಲ್ಲ ಅಂತ ನಮ್ಗೂ ಗೊತ್ತು ಯಜಮಾನ್ರೆ, ಏನ್ ಮಾಡದು, ರೂಲ್ಸು" ಎಂದನಂತೆ. ಕೋವಿ ಠಾಣೆಯಲ್ಲಿದ್ದಷ್ಟು ದಿನ ಹೊಲಕ್ಕೆ ಹಂದಿ ಬರುವುದೂ ಕಡಿಮೆಯಾಗುತ್ತಿತ್ತು. "ನೋಡಕೆ ಏನೂ ಇಲ್ವಲ್ಲ, ಅದ್ಕೇ ಬಂದಿಲ್ಲ" ಎಂದು ದೊಡ್ಡವ್ವ ರೊಟ್ಟಿ ತಟ್ಟುತ್ತಲೇ ಹೇಳುವರು.

ಈಗ ದೊಡ್ಡವ್ವ ಇಲ್ಲ, ಕೋವಿಯೂ ಇಲ್ಲ. ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ಈಚೆಗೆ ಹೊಸದೊಂದು ಕಾಟ ಶುರುವಾಗಿದೆ: ನೆಂಟರಿಷ್ಟರೆಲ್ಲ ಸೇರಿ ಅವರನ್ನು ಕರುಣಾಮೂರ್ತಿ ಮಾಡುತ್ತಿದ್ದಾರೆ. ಅಷ್ಟು ವರ್ಷ ಹೊಡೆದು ಒಂದೂ ಬೀಳಲಿಲ್ಲವೆಂದರೆ ಬೇಕೆಂದೇ ತಪ್ಪಿಸಿರಬೇಕು, ಎಂಥ ಹೃದಯ, ಎಂದು ಯಾರೋ ಮೊಬೈಲಿನಲ್ಲಿ ಬರೆದರು. ಅದು ಊರೆಲ್ಲ ಸುತ್ತಿತು. ದೊಡ್ಡಪ್ಪ ಒಬ್ಬೊಬ್ಬರನ್ನೇ ಹಿಡಿದು "ನಾನು ಬೇಕಂತ ತಪ್ಸಿಲ್ಲ" ಎಂದು ಹೇಳುತ್ತ ಬಂದರು. ಯಾರೂ ನಂಬಲಿಲ್ಲ.

ಕೊನೆಗೆ ಕೊಳ್ಳೇಗಾಲದಲ್ಲಿ ಪ್ರಾಣಿಪ್ರಿಯರ ಒಂದು ಸಣ್ಣ ಸಭೆಯವರು ಸನ್ಮಾನಕ್ಕೆ ಕರೆದರು. ಯಳಂದೂರಿನಲ್ಲಿ ಪಾಠ ಹೇಳಿಕೊಂಡಿರುವ ನಾನು ಅವರಿಗೆ ಜೊತೆಯಾದೆ. ಶಾಲು ಹೊದಿಸಿದರು, ಹಾರ ಹಾಕಿದರು. ದೊಡ್ಡಪ್ಪ ಮೈಕು ಹಿಡಿದು ನಿಧಾನವಾಗಿ ಹೇಳಿದರು:

"ನೀವು ತಪ್ಪು ತಿಳ್ಕಂಡಿದ್ದೀರಿ. ನಾನು ಪ್ರತಿ ಸಲಾನೂ ಕೊಲ್ಬೇಕು ಅಂತ್ಲೇ ಗುರಿ ಇಟ್ಟೆ. ಬೀಳ್ಲಿಲ್ಲ, ಅಷ್ಟೇ. ನಂಗೆ ಗುರಿ ಬರಕಿಲ್ಲ."

ಸಭೆ ಚಪ್ಪಾಳೆ ಹೊಡೆಯಿತು. ಅಧ್ಯಕ್ಷರು ಕಣ್ಣೊರೆಸಿಕೊಂಡು, "ನೋಡಿ, ಎಂಥ ವಿನಯ" ಎಂದರು. ದೊಡ್ಡಪ್ಪ ಪಂಪ್‌ಸೆಟ್ಟಿನ ಕಥೆ ಹೇಳಿದರು. ಇನ್ನೂ ಜೋರು ಚಪ್ಪಾಳೆ. ಅವರು ಶಾಲು ಮಡಿಸಿ ಕುರ್ಚಿಯ ಮೇಲಿಟ್ಟು ನನ್ನ ಕಡೆ ತಿರುಗಿ, "ನಡಿಯವ್ವ" ಎಂದರು.

ವಾಪಸು ಹನೂರಿನ ಬಸ್ಸು ಹತ್ತಿದೆವು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು: "ನೀನೂ ಅಂಗೇ ಅನ್ಕಂಡೀಯಾ?"

ನಿಜ ಹೇಳಬೇಕೆಂದರೆ ಆ ಕರುಣೆಯ ಕಥೆ ನನಗೂ ಹಿತವಾಗಿತ್ತು. "ಅನ್ಕಂಡ್ರೆ ಏನಾಯ್ತು ದೊಡ್ಡಪ್ಪ? ಒಳ್ಳೇ ಹೆಸರಲ್ವ?"

"ನಾನು ಬೇಕಂತ ತಪ್ಸಿದ್ರೆ, ನಿಮ್ಮಪ್ಪನ ಕಾಲು?"

ನನ್ನ ಅಪ್ಪ ಅವರ ತಮ್ಮ. ಎಡಗಾಲು ಎಳೆದುಕೊಂಡು ನಡೆಯುತ್ತಿದ್ದರು. ಹೊಲದಲ್ಲಿ ಹಂದಿ ತಿವಿಯಿತು ಎಂದಷ್ಟೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಆ ಹಂದಿಗೆ ಮೊದಲು ದೊಡ್ಡಪ್ಪ ಈಡು ಹೊಡೆದಿದ್ದರು, ಅದು ತಪ್ಪಿದ ಮೇಲೆಯೇ ಹಂದಿ ತಿರುಗಿ, ಬೇಲಿ ಹತ್ತಿರವಿದ್ದ ಅಪ್ಪನ ಮೇಲೆ ನುಗ್ಗಿತು ಎಂಬುದನ್ನು ಅವರು ಆ ಬಸ್ಸಿನಲ್ಲಿ ಹೇಳಿದರು. ಅಷ್ಟೆಲ್ಲ ತಪ್ಪಿದ ಈಡುಗಳ ಕಥೆ ಹೇಳಿದವರು ಇದೊಂದನ್ನು ಯಾವತ್ತೂ ಹೇಳಿರಲಿಲ್ಲ.

"ಈಗ ಎಲ್ರೂ ಬೇಕಂತ್ಲೇ ತಪ್ಸಿದ್ದು ಅಂತಾರಲ್ಲ. ಅಂಗಾದ್ರೆ ಹಂದಿ ಉಳ್ಸಕೆ ಒಡಹುಟ್ದೋನ್ನ ಕೊಟ್ನಾ ನಾನು? ಅಂವ ಅಂಗೇ ಅನ್ಕಂಡು ಓಗ್ಬುಟ್ನೇನೋ."

ಅಪ್ಪ ತೀರಿಕೊಂಡು ನಾಲ್ಕೈದು ವರ್ಷವಾಗಿದೆ. ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಅವರು ನಗುನಗುತ್ತ ಆಡಿದ ಒಂದು ಮಾತು ನನ್ನ ನೆನಪಿಗೆ ಬಂತು. ಅದು ಈ ಹಂದಿಯ ವಿಷಯಕ್ಕೇ ಆಡಿದ್ದೋ, ಬೇರೆ ಯಾವುದಕ್ಕೋ, ನನಗೆ ಗೊತ್ತಿಲ್ಲ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳೂ ಅಲ್ಲ. ಅವತ್ತು ಅದರ ವಿಚಾರಣೆಗೆ ಹೋಗಲಿಲ್ಲ.

"ಅಪ್ಪ ಹೇಳ್ತಿದ್ರು ದೊಡ್ಡಪ್ಪ. 'ನಮ್ಮಣ್ಣನ ಮುಂದೆ ಆನೆ ತಂದು ಕಟ್ಟಾಕುದ್ರೂ ಈಡು ತಪ್ತದೆ. ಪಾಪ, ಅಂವ ಏನ್ ಮಾಡಾನು, ಗುರೀನೇ ಬರಕಿಲ್ಲ' ಅಂತ."

ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ಅಂಗಂದ್ನಾ?"

"ಅಂದ್ರು."

"ನಗ್ತಿದ್ನಾ?"

"ನಗ್ತಿದ್ರು."

ಅವರು ನನ್ನ ಕೈ ಹಿಡಿದುಕೊಂಡರು. ಟಿಕೆಟ್ಟು ಕೇಳಲು ಬಂದ ಕಂಡಕ್ಟರು ನಮ್ಮನ್ನು ನೋಡಿ ಹಿಂದಿನ ಸೀಟಿಗೆ ಹೋದ.

"ಇನ್ನೊಂದ್ಸಲ ಹೇಳವ್ವ" ಎಂದರು ದೊಡ್ಡಪ್ಪ. "ಅಂವ ಹೇಳ್ದಂಗೇ ಹೇಳು."