ಅಜ್ಜ ನಡೆದನೋ ಇಲ್ಲವೋ

ಇವತ್ತೊಂದು ದಿನ ಯಾವ ಎಡವಟ್ಟೂ ಆಗದಿರಲಪ್ಪಾ ಎಂದು ಉಜ್ಜಿನಿ ಸ್ವಾಮಿಗೆ ಕೈಮುಗಿದೇ ನಾನು ದಿನಾ ಡ್ಯೂಟಿಗೆ ಹೊರಡುವುದು. ಆಗಿಯೇ ಆಗುತ್ತದೆ. ಸ್ವಾಮಿಗೂ ಒಮ್ಮೊಮ್ಮೆ ನಗಬೇಕೆನಿಸುತ್ತದೇನೋ ಎಂದುಕೊಂಡು ಸುಮ್ಮನಾಗುತ್ತೇನೆ.

ನಾನು ನರ್ಸು. ಔಷಧಿಗೆ ಒಂದು ಕಡೆ, ವ್ಯಾಯಾಮಕ್ಕೆ ಇನ್ನೊಂದು ಕಡೆ, ಪಿಂಚಣಿಗೆ ಮತ್ತೊಂದು ಕಡೆ ಅಂತ ಕೈಲಾಗದವರು ಅಲೆಯಬಾರದು, ಎಲ್ಲರೂ ಒಟ್ಟಾಗಿ ಅವರ ಮನೆಗೇ ಹೋಗಬೇಕು ಎನ್ನುವ ಹೊಸ ಯೋಜನೆ ನಮ್ಮ ಕಡೆ ಬಂತು. ಒಳ್ಳೆಯ ಕೆಲಸ, ದೇವರು ಮೆಚ್ಚುವಂಥದ್ದು. ಆದರೆ ಜನ ಮೆಚ್ಚಬೇಕಲ್ಲ.

೧. ಒಟ್ಟಾಗಿ ಹೋದದ್ದು

ಮೊದಲ ಮನೆ ತೆಲಿಗಿ ಕಡೆಯ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಅಜ್ಜನದು. ಲಕ್ವ ಹೊಡೆದು, ಎಡಗಾಲು ಸೋತು ಹಾಸಿಗೆ ಹಿಡಿದಿದ್ದ. ನಾನು, ಫಿಜಿಯೋ ಮೇಡಂ, ಆಶಾ ಕಾರ್ಯಕರ್ತೆ, ಪಿಂಚಣಿ ವಿಚಾರ ನೋಡುವ ಸಮಾಜ ಕಾರ್ಯಕರ್ತ, ಎಲ್ಲರೂ ಒಂದೇ ಜೀಪಿನಿಂದ ಇಳಿದೆವು. ಈ ಸಮಾಜ ಕಾರ್ಯಕರ್ತ ಹರಪನಹಳ್ಳಿಯ ಗ್ಯಾರೇಜಿನವರ ಮನೆಯ ಮುಸ್ಲಿಂ ಹುಡುಗ, ನನಗೆ ಸ್ವಂತ ತಮ್ಮನ ಹಾಗೆ.

ಯಾರೂ ಹಣಕಿ ನೋಡದ ಮನೆಗೆ ಇಷ್ಟು ಜನ ಒಮ್ಮೆಲೇ ಬಂದರೆ ಓಣಿಯವರು ಏನಂದುಕೊಳ್ಳಬೇಕು? ನಾನು ಬಿ.ಪಿ. ನೋಡಿ ಮುಗಿಸುವಷ್ಟರಲ್ಲಿ ಹೆಂಗಸರು ಬಾಯಿಗೆ ಸೆರಗು ಹಿಡಿದು ಅಂಗಳದ ತುಂಬ ಕೂತಿದ್ದರು. ಒಬ್ಬರಂತೂ ಹೂವಿನ ಹಾರವನ್ನೇ ತಂದಿದ್ದರು. ಅಜ್ಜ ಹಾಸಿಗೆಯಿಂದಲೇ ಕತ್ತು ಚಾಚಿ ನೋಡಿ ಹೆಂಡತಿಯನ್ನು ಕೇಳಿದ, "ಯಾರು ಹೋದ್ರು ಲೇ?"

"ನೀನ ಅಂತ ನೋಡು," ಎಂದಳು ಅಜ್ಜಿ.

೨. ವಾಕರ್

ನಮ್ಮ ಸಮಾಜ ಕಾರ್ಯಕರ್ತ ತಮ್ಮ ಓಡಾಡಿ ಅಜ್ಜನಿಗೊಂದು ನಾಲ್ಕು ಕಾಲಿನ ವಾಕರ್ ತಂದುಕೊಟ್ಟ. ಮುಂದಿನ ವಾರ ಹೋದರೆ ಅಜ್ಜ ಹಾಸಿಗೆಯಲ್ಲೇ ಇದ್ದಾನೆ, ವಾಕರ್ ಕಾಣುತ್ತಿಲ್ಲ. ಕೇಳಿದ್ದಕ್ಕೆ ಅಜ್ಜಿ ದೇವರ ಜಗಲಿ ತೋರಿಸಿದಳು. ಮೈಗೆಲ್ಲ ಭಂಡಾರದ ಅರಿಸಿನ ಬಳಿಸಿಕೊಂಡು, ಕಾಲಿನ ಬುಡದಲ್ಲೆಲ್ಲ ನಿಂಬೆಹಣ್ಣು ಇಡಿಸಿಕೊಂಡು, ಮಾಲೆ ಹಾಕಿಕೊಂಡು ವಾಕರ್ ಅಲ್ಲಿ ನಿಂತಿತ್ತು. ಮನೆಗೆ ಹೊಸದು ಬಂದರೆ ಪೂಜೆ ಮಾಡದೆ ಬಿಡಲಾದೀತೆ? ಪೂಜೆಯಾದದ್ದನ್ನು ಕಂಡ ಕಂಡಾಗ ಮುಟ್ಟಲಾದೀತೆ?

"ನೀವಾದ್ರೂ ಹೇಳ್ರಿ ಅಕ್ಕಾ," ಎಂದು ತಮ್ಮ ನನ್ನ ಕಡೆ ತಿರುಗಿದ. ನಾನು ಏನು ಹೇಳಲಿ, ಆಗಲೇ ಕೈಮುಗಿದು ನಿಂತುಬಿಟ್ಟಿದ್ದೆ.

ಕೊನೆಗೆ ದೇವರೇ ಬುದ್ಧಿ ಕೊಟ್ಟ. ದೇವರನ್ನು ಹೊಳೆಗೆ ಕರೆದುಕೊಂಡು ಹೋಗಿ ಬರುತ್ತೀರಲ್ಲವ್ವಾ, ಇದನ್ನೂ ಅಜ್ಜನ ಕೈಯಲ್ಲಿ ಬಾಗಿಲತನಕ ಕರೆದುಕೊಂಡು ಬರ್ರಿ ಎಂದೆ. ಅಜ್ಜಿಗೆ ಒಪ್ಪಿಗೆಯಾಯಿತು. ಅಂದಿನಿಂದ ದಿನಾ ಅಜ್ಜಿ ಗಂಟೆ ಬಾರಿಸುತ್ತ ಮುಂದೆ, ಅಜ್ಜ ವಾಕರ್ ಹಿಡಿದು ಹಿಂದೆ. ಕಾಲಿಗೆ ಬಲ ಬಂದದ್ದನ್ನು ಕಂಡ ಫಿಜಿಯೋ ಮೇಡಂ, ಉಳಿದ ರೋಗಿಗಳಿಗೂ ಒಂದೊಂದು ಪೂಜೆಯ ಗಂಟೆ ಬರೆದುಕೊಡಲಾ ಸಿಸ್ಟರ್ ಎಂದರು.

೩. ಸಾಹೇಬರು ನೋಡಲು ಬಂದದ್ದು

ಯೋಜನೆಯಿಂದ ಏನಾದರೂ ಉಪಯೋಗವಾಗಿದೆಯೇ ಎಂದು ಪರೀಕ್ಷಿಸಲು ಸಾಹೇಬರೊಬ್ಬರು ಬಂದರು. ಅವರು ಇಲ್ಲವೆಂದು ಬರೆದರೆ ನಮ್ಮ ಕಡೆ ಎಲ್ಲ ಬಂದ್. ಅಷ್ಟು ಹೊತ್ತಿಗೆ ಅಜ್ಜ ವಾಕರ್ ಬಿಟ್ಟು ಕೋಲೂರಿಕೊಂಡು ಕುರಿಹಟ್ಟಿತನಕ ಹೋಗುತ್ತಿದ್ದ. ಹಾಗಾಗಿ ಧೈರ್ಯವಾಗಿ ಅವನ ಮನೆಗೇ ಕರೆದುಕೊಂಡು ಹೋದೆ.

ನೋಡಿದರೆ ಅಜ್ಜ ಕಂಬಳಿ ಹೊದ್ದು ನರಳುತ್ತಿದ್ದಾನೆ. ಕಾಲು ಎತ್ತು ಎಂದರೆ ಎತ್ತಲೊಲ್ಲ. ಅಜ್ಜಿಯನ್ನು ಹಿತ್ತಲಿಗೆ ಕರೆದು ಏನಿದು ಎಂದೆ. ಅವಳ ಕಣ್ಣು ತುಂಬಿ ಬಂತು.

"ಚೊಲೋ ಆಗ್ಯಾನ ಅಂತ ಬರಕೊಂಡ್ರ ನೀವು ಬರೋದು ಬಿಡ್ತೀರಿ ನರ್ಸಮ್ಮ. ಆಮ್ಯಾಲೆ ನಮ್ಮನ್ನ ಯಾರು ಕೇಳ್ತಾರ?"

ಚೊಲೋ ಆಗಿಲ್ಲ ಅಂತ ಬರೆದುಕೊಂಡರೇ ನಾವು ಬರುವುದು ನಿಲ್ಲುವುದು ತಾಯೀ ಎಂದು ಬಿಡಿಸಿ ಹೇಳಿ ಈಚೆ ಬರುವಷ್ಟರಲ್ಲಿ ಸಾಹೇಬರು 'ಸುಧಾರಣೆ ಇಲ್ಲ' ಎಂದು ಬರೆಯುತ್ತ ಅಂಗಳಕ್ಕೆ ಇಳಿದಿದ್ದರು. ಇನ್ನು ನೀನೇ ನೋಡಿಕೋ ಸ್ವಾಮೀ ಎಂದೆ.

ಸ್ವಾಮಿ ಟಗರನ್ನು ಕಳಿಸಿದ. ಅಜ್ಜ ಮುದ್ದಿನಿಂದ ಸಾಕಿದ್ದು, ಎಲ್ಲಿ ಹಗ್ಗ ಹರಿದುಕೊಂಡಿತೋ, ತಲೆ ತಗ್ಗಿಸಿ ಸೀದಾ ಸಾಹೇಬರ ಮೇಲೆ ಬಂತು. ಸಾಹೇಬರು ಅದೆಷ್ಟು ಜೋರಾಗಿ ಓಡಿದರೆಂದರೆ, ಅಂಗಳ ದಾಟಿ ಮೇವಿನ ಬಣವಿ ಏರಿದ್ದು ನಮ್ಮ ಕಣ್ಣಿಗೇ ಕಾಣಲಿಲ್ಲ. ಗದ್ದಲ ಕೇಳಿ ಅಜ್ಜ ಕಂಬಳಿ ಒದ್ದು, ಕೋಲನ್ನೂ ಮರೆತು ಹೊರಗೆ ಬಂದು ಟಗರಿನ ಕೊಂಬು ಹಿಡಿದು ನಿಲ್ಲಿಸಿದ. ನಾಟಕ ಬಯಲಾಯಿತೆಂದು ಅಜ್ಜಿ ಹಣೆ ಬಡಿದುಕೊಂಡಳು.

ಸಾಹೇಬರು ನಿಷ್ಠಾವಂತರು. ಬಣವಿಯ ಮೇಲೆ ಕೂತೇ ಬರೆದದ್ದನ್ನು ಹೊಡೆದು ಹಾಕಿ, ನಡೆಯಲಿಕ್ಕೆ ಆಗುತ್ತದೇನಜ್ಜಾ ಎಂದು ಮತ್ತೆ ಕೇಳಿದರು.

ಅಜ್ಜ ಕೊಂಬು ಬಿಡದೆ ಮೇಲೆ ನೋಡಿದ.

"ನಡಿಯಾಕ ಇವರು ಕಲಿಸ್ಯಾರ ಸಾಹೇಬ್ರ. ನಿಮ್ಮಂಗ ಓಡಾಕ ಮಾತ್ರ ಇನ್ನೂ ಬರಂಗಿಲ್ಲ ನೋಡ್ರಿ."